ಡಿಎಮ್‌ಎಕ್ಸ್‌ನ ಕೊನೆಯ ಆಲ್ಬಂ 'ಎಕ್ಸೋಡಸ್': ಇದು ಅವನದಾ, ಸ್ವಿಜ್ ಬೀಟ್ಸ್‌ನದಾ?

ತಡರಾತ್ರಿ ರೇಡಿಯೋ ಕೇಳಿದ್ದು:

ನಾನು ಅಮೆರಿಕದ ರ್‍ಯಾಪರ್ ಡಿಎಮ್‌ಎಕ್ಸ್ (ಅಭಿಮಾನಿಗಳಿಗೆ ಬರೀ 'ಎಕ್ಸ್') ಕಡೆ ಬಂದಿದ್ದೇ ತಡವಾಗಿ. 2016ರಲ್ಲಿ 'ಡೆಡ್‌ಪೂಲ್' ಸಿನಿಮಾದಲ್ಲಿ 'ಎಕ್ಸ್ ಗಾನ್ ಗಿವ್ ಇಟ್ ಟು ಯಾ' ಕೇಳಿದೆ. ಯಾರಪ್ಪಾ ಇವನು, ಹಾಡ್ತಾನೋ ಮೈಮೇಲೆ ಬೀಳ್ತಾನೋ ಅಂತ ಹುಡುಕಿಕೊಂಡು ಹೋದೆ. ಅಲ್ಲಿಂದ ಹಿಂದೆ ಹಿಂದೆ ಹೋಗಿ 1998ರ ಮೊದಲ ಆಲ್ಬಂ 'ಇಟ್ಸ್ ಡಾರ್ಕ್ ಆ್ಯಂಡ್ ಹೆಲ್ ಈಸ್ ಹಾಟ್'ಗೆ ಮುಟ್ಟಿದೆ. ಆಮೇಲೆ ಬೇರೆ ಏನು ಕೇಳಿದರೂ ಸಪ್ಪೆ ಅನ್ನಿಸಿತು ಸ್ವಲ್ಪ ದಿನ.

ಆ ಆಲ್ಬಂನಲ್ಲಿ 'ಡೇಮಿಯನ್' ಅಂತ ಒಂದು ಹಾಡು ಇದೆ. ಕೇಳಿದವರಿಗೆ ಗೊತ್ತಿರುತ್ತದೆ. ಕಷ್ಟದಲ್ಲಿರುವವನ ಹತ್ತಿರ ಒಬ್ಬ ಬಂದು ಸಿಹಿಯಾಗಿ ಮಾತಾಡಿ, ನಿನಗೆ ಬೇಕಾದ್ದೆಲ್ಲ ಕೊಡಿಸ್ತೀನಿ ಅನ್ನುತ್ತಾನೆ. ಬಂದವನು ಸೈತಾನ. ಎರಡೂ ಪಾತ್ರದ ಧ್ವನಿ ಎಕ್ಸ್‌ನದೇ. ಒಂದು ಒರಟು, ಇನ್ನೊಂದು ಮೂಗಿನಿಂದ ಬರುವ ತೆಳು ಧ್ವನಿ. ತನ್ನ ಜೊತೆ ತಾನೇ ವಾದ ಮಾಡಿಕೊಂಡು ಸೋಲುತ್ತಾನೆ. ಅವನ ಪಕ್ಕದಲ್ಲಿ ಇನ್ನೊಬ್ಬ ಗಾಯಕ ಬೇಕು ಅಂತ ಒಂದು ಕ್ಷಣವೂ ಅನ್ನಿಸುವುದಿಲ್ಲ.

ಈಗ ಸಂಗೀತ ನಿರ್ಮಾಪಕ ಸ್ವಿಜ್ ಬೀಟ್ಸ್ ನಿರ್ಮಿಸಿದ 'ಎಕ್ಸೋಡಸ್' ಕೇಳುತ್ತಿದ್ದೇನೆ. ಅವನು ತೀರಿಕೊಂಡದ್ದು 2021ರ ಏಪ್ರಿಲ್ 9, ವಯಸ್ಸು ಬರೀ 50. ಆಲ್ಬಂ ಬಂದದ್ದು ಮೇ 28. ಸರಿಯಾಗಿ ಏಳು ವಾರ. ಹಾಡುಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಜೇ-ಜೀ, ನಾಸ್, ಲಿಲ್ ವೇಯ್ನ್, ದ ಲಾಕ್ಸ್, ಸ್ನೂಪ್ ಡಾಗ್, ಅಲಿಷಾ ಕೀಸ್, ಅಷರ್, ಮನಿಬ್ಯಾಗ್ ಯೋ, ಬಫಲೋದ ಗ್ರಿಸೆಲ್ಡಾ ಹುಡುಗರು ಮೂವರೂ, ಸಾಲದ್ದಕ್ಕೆ ಯೂಟೂ ರಾಕ್ ತಂಡದ ಬೋನೋ! ಅತಿಥಿ ಇಲ್ಲದ ಒಂದೇ ಒಂದು ಪೂರ್ತಿ ಹಾಡು ಸಿಗಬಹುದಾ ಅಂತ ನೋಡಿದೆ. ಇಲ್ಲ. ಒಟ್ಟು 13 ಟ್ರ್ಯಾಕ್, 40 ನಿಮಿಷವೂ ಇಲ್ಲ, ಅದರಲ್ಲಿ ಸ್ಕಿಟ್ (ಹಾಡುಗಳ ನಡುವಿನ ಮಾತಿನ ತುಣುಕು) ಬೇರೆ.

ನನ್ನ ಅನುಮಾನ ಇಷ್ಟೇ. ಕಲಾವಿದ ಹೋದ ಮೇಲೆ ಉಳಿದ ತುಂಡು ರೆಕಾರ್ಡಿಂಗ್‌ಗಳನ್ನು ತೆಗೆದು, ಅದಕ್ಕೆ ಹೆಸರಾಂತ ನಾಲ್ಕು ಜನರನ್ನು ಅಂಟಿಸಿ ಮಾರುವುದು ಹೊಸದೇನಲ್ಲ. ಇದೂ ಅದೇ ತರಹದ್ದಾ? ಹಾಗಿದ್ದರೆ ಅವನ ಕೊನೆಯ ಆಲ್ಬಂ ಅಂತ 2012ರ 'ಅನ್‌ಡಿಸ್ಪ್ಯೂಟೆಡ್' ಅನ್ನೇ ಲೆಕ್ಕಕ್ಕೆ ತಗೋಬೇಕಲ್ವಾ? ಗೊತ್ತಿರುವವರು ಹೇಳಿ.

---

ಸುಮ್ನೆ ಓದ್ತೀನಿ:

ನನ್ನ ಲೆಕ್ಕದಲ್ಲಿ 'ಅನ್‌ಡಿಸ್ಪ್ಯೂಟೆಡ್' ಕೊನೆಯದು. ಬದುಕಿದ್ದಾಗ ಬಂದದ್ದು ಅದೇ. ಕಲಾವಿದ ತಾನೇ ಮುಂದೆ ನಿಂತು "ತಗೊಳ್ಳಿ" ಅಂತ ಕೊಟ್ಟರೆ ಅದು ಆಲ್ಬಂ. ಉಳಿದದ್ದು ಮನೆಯವರು ಹಂಚುವ ಆಸ್ತಿ.

(ಅದು ಒಳ್ಳೆಯ ಆಲ್ಬಮ್ಮಾ ಅಂತ ಕೇಳಬೇಡಿ.)

---

ಹಳೇ ಸಿಡಿ:

'ಸುಮ್ನೆ ಓದ್ತೀನಿ' ಅವರೇ, ಬದುಕಿದ್ದಾಗ ಬಂದದ್ದೆಲ್ಲ ಅವನದು ಅನ್ನುವುದಾದರೆ 2015ರ 'ರಿಡೆಂಪ್ಷನ್ ಆಫ್ ದ ಬೀಸ್ಟ್' ಎಲ್ಲಿಡುತ್ತೀರಿ? ಎಕ್ಸ್ ಬದುಕಿದ್ದ, ಆಲ್ಬಂ ಅಂಗಡಿಗೆ ಬಂತು, ಆದರೆ ಇದಕ್ಕೆ ಒಪ್ಪಿಗೆಯೇ ಇಲ್ಲ ಅಂತ ಅವನ ಕಡೆಯವರೇ ಹೇಳಿದರು. ಬದುಕಿರುವಾಗಲೇ ಅವನನ್ನು ಕೇಳದೆ ಅವನ ಆಲ್ಬಂ ಬಿಟ್ಟಿದ್ದಾರೆ. ಹಾಗಾಗಿ ತಾರೀಕು ನೋಡಿ ಯಾರ ಆಲ್ಬಂ ಅಂತ ತೀರ್ಮಾನ ಮಾಡಕ್ಕಾಗಲ್ಲ. ಕೆಲಸ ಯಾವಾಗ ಆಯಿತು, ಯಾರ ಜೊತೆ ಕೂತು ಆಯಿತು ಅಂತ ನೋಡಬೇಕು.

ಆ ಲೆಕ್ಕದಲ್ಲಿ 'ಎಕ್ಸೋಡಸ್' ಗಟ್ಟಿಯಾಗಿ ನಿಲ್ಲುತ್ತದೆ. ತೆರಿಗೆ ಕೇಸಿನ ಶಿಕ್ಷೆ ಮುಗಿಸಿ ಎಕ್ಸ್ 2019ರ ಜನವರಿಯಲ್ಲಿ ಹೊರಗೆ ಬಂದ. ಅದೇ ವರ್ಷ ತನ್ನ ಹಳೆಯ ಕಂಪನಿ ಡೆಫ್ ಜ್ಯಾಮ್‌ಗೆ ಮತ್ತೆ ಸಹಿ ಹಾಕಿದ. 2020ರ ಜುಲೈನಲ್ಲಿ, ಇಬ್ಬರು ಕಲಾವಿದರು ತಮ್ಮ ಹಾಡುಗಳನ್ನು ಎದುರಾಬದುರು ಹಾಕುವ 'ವರ್ಜಸ್' ಕಾರ್ಯಕ್ರಮದಲ್ಲಿ ಸ್ನೂಪ್ ಎದುರು ಕೂತ. ಆಲ್ಬಂನ ಕೆಲಸ ಲಾಸ್ ಏಂಜಲಿಸ್‌ನಲ್ಲಿ ಸ್ನೂಪ್‌ನ ಸ್ಟುಡಿಯೋದಲ್ಲೂ ನಡೆಯಿತು. ಅವನು ಹೋಗುವ ಹೊತ್ತಿಗೆ ಆಲ್ಬಂ ಬಹುಪಾಲು ಮುಗಿದಿತ್ತು ಅಂತ ಸ್ವಿಜ್ ಹೇಳಿದ್ದಾನೆ. ಹೆಸರು ಎಕ್ಸ್‌ನ ಚಿಕ್ಕ ಮಗನದು. ಆ ಹುಡುಗನ ಹೆಸರೇ ಎಕ್ಸೋಡಸ್.

ಈಗ ಅತಿಥಿಗಳ ವಿಷಯ. 'ತಡರಾತ್ರಿ ರೇಡಿಯೋ' ಅವರೇ, ನೀವು ಪಟ್ಟಿಯನ್ನು ಜಾಹೀರಾತಿನ ತರಹ ಓದುತ್ತಿದ್ದೀರಿ. ನಾನು 1998ರಿಂದ ಇವನನ್ನು ಕೇಳುತ್ತಾ ಬಂದವನು, ನನಗೆ ಅದು ಹಳೆಯ ಪರಿಚಯದವರ ಹಾಜರಿ ಪುಸ್ತಕದ ಹಾಗೆ ಕಾಣುತ್ತದೆ.

ಮೊದಲ ಹಾಡು 'ದಟ್ಸ್ ಮೈ ಡಾಗ್'ನಲ್ಲಿ ಇರುವವರು ದ ಲಾಕ್ಸ್. ಎಕ್ಸ್ ಬೆಳೆದ ಯಾಂಕರ್ಸ್‌ನವರೇ. ನ್ಯೂಯಾರ್ಕ್ ನಗರಕ್ಕೆ ಉತ್ತರದಿಂದ ಅಂಟಿಕೊಂಡ ಊರು ಅದು. ಎಕ್ಸ್‌ನ ಮೊದಲ ಆಲ್ಬಂ ಬರುವ ಮುಂಚೆಯೇ 'ಮನಿ, ಪವರ್ ಆ್ಯಂಡ್ ರೆಸ್ಪೆಕ್ಟ್'ನಲ್ಲಿ ಇವರ ಜೊತೆ ಅವನಿದ್ದ. ಇವರನ್ನು ಅತಿಥಿ ಅಂತ ಹೇಗೆ ಕರೆಯುವುದು?

ಎರಡನೆಯದು 'ಬಾತ್ ಸಾಲ್ಟ್ಸ್', ಜೇ-ಜೀ ಮತ್ತು ನಾಸ್ ಜೊತೆ. ಇಬ್ಬರೂ ಹೆಸರು ಮಾಡುವ ಮುಂಚೆ ಎಕ್ಸ್ ಮತ್ತು ಜೇ-ಜೀ ಬ್ರಾಂಕ್ಸ್‌ನ ಒಂದು ಪೂಲ್ ಹಾಲ್‌ನಲ್ಲಿ ಮೇಜು ಹತ್ತಿ ನಿಂತು ಎದುರಾಬದುರು ರ್‍ಯಾಪ್ ಮಾಡಿದ ಕಥೆ ಎಲ್ಲರಿಗೂ ಗೊತ್ತು. ನಾಸ್ ಜೊತೆ 1998ರಲ್ಲಿ 'ಬೆಲಿ' ಸಿನಿಮಾದಲ್ಲಿ ಎಕ್ಸ್ ನಾಯಕನಾಗಿದ್ದ. ಆಮೇಲೆ 2001ರಲ್ಲಿ ಜೇ-ಜೀ, ನಾಸ್ ಇಬ್ಬರೂ ಹಾಡಿನಲ್ಲೇ ಒಬ್ಬರ ಮುಖಕ್ಕೆ ಒಬ್ಬರು ಮಸಿ ಬಳಿದುಕೊಂಡರು. ರಾಜಿಯಾದದ್ದು 2005ರಲ್ಲಿ. ಈ ಮೂವರೂ ಒಂದೇ ಬೀಟ್ (ರ್‍ಯಾಪ್‌ನ ಹಿನ್ನೆಲೆ ಸಂಗೀತ) ಮೇಲೆ ಬರುವುದಕ್ಕೆ ಎಷ್ಟು ವರ್ಷ ಬೇಕಾಯಿತು ನೋಡಿ. 2022ರ ಗ್ರ್ಯಾಮಿಯಲ್ಲಿ ಒಳ್ಳೆಯ ರ್‍ಯಾಪ್ ಹಾಡಿನ ವಿಭಾಗಕ್ಕೆ ಇದು ನಾಮಿನೇಟ್ ಆಯಿತು, ಗೆಲ್ಲಲಿಲ್ಲ. ಬಿಡಿ, ಅದು ಮುಖ್ಯ ಅಲ್ಲ.

ಇನ್ನು ಸ್ವಿಜ್. ರಫ್ ರೈಡರ್ಸ್ ರೆಕಾರ್ಡ್ ಕಂಪನಿ ಕಟ್ಟಿದ ಡೀನ್ ಕುಟುಂಬದ ಹುಡುಗ, ಅಲ್ಲಿಯ ಯಜಮಾನರು ಅವನ ಚಿಕ್ಕಪ್ಪಂದಿರು. 'ರಫ್ ರೈಡರ್ಸ್ ಆಂಥಮ್' ಬೀಟ್ ಮಾಡಿದಾಗ ಇನ್ನೂ ಮೀಸೆ ಚಿಗುರುವ ವಯಸ್ಸು ಅವನಿಗೆ. ಎಕ್ಸ್‌ಗೆ ಆ ಬೀಟ್ ಮೊದಲು ಹಿಡಿಸಿರಲಿಲ್ಲ. ಬಲವಂತ ಮಾಡಿ ಹಾಡಿಸಿದರು. ಅದೇ ಹಾಡು ಇವತ್ತಿಗೂ ಅವನ ಗುರುತಿನ ಚೀಟಿ. ಹಾಗಾಗಿ "ಎಕ್ಸ್‌ನದಾ ಸ್ವಿಜ್‌ನದಾ" ಅನ್ನುವ ಪ್ರಶ್ನೆಯೇ ನನಗೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಆ ಇಬ್ಬರನ್ನು ಬಿಡಿಸುವುದು ಯಾವತ್ತೂ ಸುಲಭ ಇರಲಿಲ್ಲ.

ಹಾಗಂತ ಎಲ್ಲಾ ಚೆನ್ನಾಗಿದೆ ಅನ್ನಲ್ಲ. 'ಟೇಕ್ ಕಂಟ್ರೋಲ್' ಇಲ್ಲದಿದ್ದರೆ ಆಲ್ಬಂ ಉದ್ಧಾರ ಆಗುತ್ತಿತ್ತು. 'ಮನಿ ಮನಿ ಮನಿ' ಈಗಿನ ಹುಡುಗರನ್ನು ಎಳೆದುಕೊಳ್ಳುವ ಪ್ರಯತ್ನ, ಅಲ್ಲಿ ಎಕ್ಸ್ ಯಾರದೋ ಮನೆ ಮದುವೆಗೆ ಬಂದವನ ಹಾಗೆ ನಿಂತಿದ್ದಾನೆ. ಮಾರಾಟವೂ ಹಳೆಯ ಕಾಲದ್ದಲ್ಲ. ಒಂದು ಕಾಲದಲ್ಲಿ ಅವನ ಮೊದಲ ಐದು ಆಲ್ಬಂ ಅಮೆರಿಕದ ಆಲ್ಬಂ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ ನೇರ ಒಂದನೇ ಸ್ಥಾನಕ್ಕೇ ಬಂದವು. ಅವನಿಗಿಂತ ಮುಂಚೆ ಯಾರೂ ಅದನ್ನು ಮಾಡಿರಲಿಲ್ಲ. ಅದರಲ್ಲೂ ಎರಡು ಆಲ್ಬಂ 1998ರ ಒಂದೇ ವರ್ಷದಲ್ಲಿ, ಮೇ ಮತ್ತು ಡಿಸೆಂಬರ್. ಈ ಕೊನೆಯದು 8ನೇ ಸ್ಥಾನಕ್ಕೆ ಬಂತು.

ಇನ್ನೊಂದು. ಅತಿಥಿ ಇಲ್ಲದ್ದು ಒಂದೂ ಇಲ್ಲ ಅಂದಿರಿ. ಕೊನೆಯ ಟ್ರ್ಯಾಕ್ ಮತ್ತೆ ಕೇಳಿ.

---

ತಡರಾತ್ರಿ ರೇಡಿಯೋ:

'ಪ್ರೇಯರ್' ತಾನೇ? ನಾನು ಹೇಳಿದ್ದು ಪೂರ್ತಿ ಹಾಡು ಅಂತ. ಅದು ಹಾಡಲ್ಲ, ಪ್ರಾರ್ಥನೆ.

ಹಾಜರಿ ಪುಸ್ತಕದ ಮಾತು ಒಪ್ಪಿದೆ ಸಾರ್. ಪೂಲ್ ಹಾಲ್ ಕಥೆ ಗೊತ್ತಿಟ್ಟುಕೊಂಡು 'ಬಾತ್ ಸಾಲ್ಟ್ಸ್' ಕೇಳುವುದಕ್ಕೂ ಸುಮ್ನೆ ಕೇಳುವುದಕ್ಕೂ ವ್ಯತ್ಯಾಸ ಇದೆ. ಆದರೆ ಬೋನೋ ಯಾವ ಪುಟದಲ್ಲಿ ಬರ್ತಾನೆ ಅಂತ ಮಾತ್ರ ನೀವು ಜಾಣತನದಿಂದ ಹೇಳಲಿಲ್ಲ.

---

ಹಳೇ ಸಿಡಿ:

ಬೋನೋಗೆ ನನ್ನ ಹತ್ತಿರ ಉತ್ತರ ಇಲ್ಲ. ಆ ಹಾಡು ಬಂದಾಗ ನಾನು ನೀರು ಕುಡಿಯಲು ಏಳುತ್ತೇನೆ.

---

ಮೈಕ್ ಮುಂದೆ:

ನನ್ನ ಹೊಟ್ಟೆಪಾಡು ಧ್ವನಿ ಎಡಿಟಿಂಗ್. ದಿನವಿಡೀ ಬೇರೆಯವರ ಉಸಿರು, ಕೆಮ್ಮು, ತಡವರಿಕೆ ಕತ್ತರಿಸುವುದೇ ಕೆಲಸ. ಹಾಗಾಗಿ ನಾನು ಈ ಆಲ್ಬಂ ಕೇಳಿದ್ದೂ ಅದೇ ಕಿವಿಯಲ್ಲಿ. ಅತಿಥಿಗಳನ್ನು ಪಕ್ಕಕ್ಕಿಟ್ಟು ಎಕ್ಸ್‌ನ ಗಂಟಲು ಮಾತ್ರ ಹಿಂಬಾಲಿಸಿ ನೋಡಿ, ಬೇರೆಯದೇ ಆಲ್ಬಂ ಸಿಗುತ್ತದೆ.

ಮೊದಲು ಒಂದು ಹಿನ್ನೆಲೆ. ಎಕ್ಸ್ ರ್‍ಯಾಪರ್ ಆಗುವ ಮುಂಚೆ ಬೀಟ್‌ಬಾಕ್ಸ್ ಮಾಡುತ್ತಿದ್ದವನು. ಬಾಯಲ್ಲೇ ಡ್ರಮ್ ಬಾರಿಸುವುದು. ಅವನ ಹೆಸರೂ ಒಬರ್‌ಹೈಮ್ ಕಂಪನಿಯ ಡಿಎಮ್‌ಎಕ್ಸ್ ಅನ್ನುವ ಡ್ರಮ್ ಮಷಿನ್‌ನಿಂದ ಬಂದದ್ದು. 1998ರ ರೆಕಾರ್ಡಿಂಗ್‌ಗಳಲ್ಲಿ ಇದು ಎದ್ದು ಕೇಳಿಸುತ್ತದೆ. ಸಾಲಿನ ಕೊನೆಯ ಪದವನ್ನು ಅವನು ಸ್ನೇರ್ ಡ್ರಮ್ ಏಟಿನ ಮೇಲೇ ತಂದು ಕುಟ್ಟುತ್ತಾನೆ. ಎರಡು ಸಾಲಿನ ನಡುವೆ ಜಾಗ ಸಿಕ್ಕರೆ ಖಾಲಿ ಬಿಡಲ್ಲ, ಒಂದು ಗುರುಗುಟ್ಟು, ಒಂದು ಬೊಗಳು, ಒಂದು "ವಾಟ್!". ಜನ ಅದನ್ನು ಗತ್ತು ಅಂದುಕೊಳ್ಳುತ್ತಾರೆ. ನನಗೆ ಅದು ಡ್ರಮ್ ವಾದಕ ಎರಡು ಪಟ್ಟಿನ ನಡುವೆ ತುಂಬಿಸುವ ಚಿಕ್ಕ ರೋಲ್ ತರಹ ಕೇಳಿಸುತ್ತದೆ. ಬಾಯಿ ಅವನಿಗೆ ವಾದ್ಯ.

'ಎಕ್ಸೋಡಸ್'ನಲ್ಲಿ ಈ ವಾದ್ಯ ಹಳೆಯದಾಗಿದೆ. ಗಂಟಲಿನ ಕೆಳಭಾಗ ಇನ್ನೂ ಇದೆ, ಮೇಲಿನ ಚೂಪು ಹೋಗಿದೆ. ಮೊದಲು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಲೇ ಇರಲಿಲ್ಲ, ಇಲ್ಲಿ ಸಾಲಿನ ಮುಂಚೆ ಎಳೆದುಕೊಳ್ಳುವ ಗಾಳಿ ಕಿವಿಗೆ ತಾಗುತ್ತದೆ. ನಾನಾಗಿದ್ದರೆ ಅಭ್ಯಾಸಬಲದಿಂದ ಅದನ್ನೆಲ್ಲ ಒರೆಸಿಬಿಡುತ್ತಿದ್ದೆ. ಒರೆಸದೇ ಇದ್ದದ್ದು ಒಳ್ಳೆಯದೇ ಆಯಿತು.

ಜಾಸ್ತಿ ಗದ್ದಲದ ಹಾಡುಗಳಲ್ಲಿ, ಉದಾಹರಣೆಗೆ ಲಿಲ್ ವೇಯ್ನ್ ಇರುವ 'ಡಾಗ್ಸ್ ಔಟ್', ಅವನು ಬೀಟ್ ಜೊತೆ ಓಡಲು ಹೋಗಿ ಸ್ವಲ್ಪ ಏದುಸಿರು ಬಿಡುತ್ತಾನೆ. ಆದರೆ 'ಹುಡ್ ಬ್ಲೂಸ್'ಗೆ ಬನ್ನಿ. ಗ್ರಿಸೆಲ್ಡಾದ ವೆಸ್ಟ್‌ಸೈಡ್ ಗನ್, ಬೆನಿ, ಕಾನ್ವೇ ಮೂವರೂ ಎಕ್ಸ್‌ಗಿಂತ ಎಷ್ಟೋ ಚಿಕ್ಕವರು. ಬೀಟ್‌ಗೆ ಅವಸರ ಇಲ್ಲ. ಎಕ್ಸ್‌ನ ಒರಟು ಧ್ವನಿಗೆ ಅಲ್ಲಿ ಕೂರಲು ಜಾಗ ಸಿಗುತ್ತದೆ, ಅವನೂ ಕೂರುತ್ತಾನೆ. ಇಂಥದ್ದೇ ಎಂಟು ಬೀಟ್ ಮೇಲೆ ಅವನು ಒಬ್ಬನೇ ಒಂದು ಆಲ್ಬಂ ಮಾಡಿದ್ದರೆ! ಆಲ್ಬಂ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಅತಿಥಿಗಳು ಜಾಸ್ತಿ ಆದರು ಅನ್ನುವುದು ಎರಡನೇ ಮಾತು. ಐವತ್ತರ ಗಂಟಲಿಗೆ ಇಪ್ಪತ್ತೇಳರ ಬೀಟ್ ಕೊಟ್ಟರು ಅನ್ನುವುದು ಮೊದಲನೇದು.

'ಲೆಟರ್ ಟು ಮೈ ಸನ್'ನಲ್ಲಿ ಡ್ರಮ್‌ಗೆ ಕೆಲಸವೇ ಕಡಿಮೆ. ಅಷರ್ ಹಾಡುತ್ತಾನೆ, ವಯಲಿನ್ ಇದೆ. ದೂರ ಆಗಿರುವ ಮಗನಿಗೆ ಅಪ್ಪ ಫೋನ್ ಮಾಡು ಅಂತ ಕೇಳಿಕೊಳ್ಳುವುದು, ಅಷ್ಟೇ ವಿಷಯ. ಮಗನಿಗೆ ಬುದ್ಧಿ ಹೇಳುತ್ತಾ ಶುರು ಮಾಡಿ, ತನ್ನ ಸಮರ್ಥನೆಗೆ ಇಳಿದು, ಮತ್ತೆ ಬೇಡಿಕೊಳ್ಳುವ ಕಡೆ ಬರುತ್ತಾನೆ. ಧ್ವನಿ ಎಲ್ಲೆಲ್ಲಿ ತಗ್ಗುತ್ತದೆ ನೋಡಿ. ಅಲ್ಲಿ ಬೊಗಳು ಇಲ್ಲ, ಸಾಲಿನ ನಡುವಿನ ಜಾಗ ಖಾಲಿ. ಅಷ್ಟು ವರ್ಷ ಖಾಲಿ ಬಿಡದವನು ಇಲ್ಲಿ ಬಿಟ್ಟಿದ್ದಾನೆ.

'ಪ್ರೇಯರ್' ಬಗ್ಗೆಯೂ ಒಂದು ಮಾತು. ಅದು ಆಲ್ಬಂಗಾಗಿ ಸ್ಟುಡಿಯೋದಲ್ಲಿ ಮಾಡಿದ್ದಲ್ಲ. 2019ರಲ್ಲಿ ಕಾನ್ಯೆ ವೆಸ್ಟ್ ನಡೆಸುತ್ತಿದ್ದ 'ಸಂಡೇ ಸರ್ವಿಸ್' ಕೂಟದಲ್ಲಿ ಎಕ್ಸ್ ಮಾಡಿದ ಪ್ರಾರ್ಥನೆ. ಮೊದಲ ಆಲ್ಬಂನಿಂದಲೂ ಪ್ರಾರ್ಥನೆ ಇಡುವುದು ಅವನ ಪದ್ಧತಿ. ಅದು ಹಾಡಲ್ಲ ಅಂದಿರಲ್ಲ, ನನಗೆ ಹಾಗೆ ಕೇಳಿಸಲಿಲ್ಲ. ಉಸಿರು ಎಲ್ಲಿ, ನಿಲ್ಲುವುದು ಎಲ್ಲಿ, ಒತ್ತು ಎಲ್ಲಿ, ಎಲ್ಲಾ ರ್‍ಯಾಪ್‌ನದೇ ಲೆಕ್ಕ. ಕೆಳಗೆ ಬೀಟ್ ಇಟ್ಟರೆ ಕೂತುಬಿಡುತ್ತದೆ. ಇಡೀ ಆಲ್ಬಂನಲ್ಲಿ ಅವನ ಹಳೆಯ ವೇಗ ಪೂರ್ತಿ ಸಿಗುವುದು ಅಲ್ಲೊಂದೇ ಕಡೆ.

---

ಸುಮ್ನೆ ಓದ್ತೀನಿ:

ಇಷ್ಟು ಬರೆದ ಮೇಲೆ ಮತ್ತೆ ಕೇಳಲೇಬೇಕಾಯ್ತು. ಆದರೂ ನನ್ನ ಮಾತು ಪೂರ್ತಿ ಬಿಡಲ್ಲ. ಹೋದವರ ಆಲ್ಬಂಗಳಲ್ಲಿ ನಿಯತ್ತಾಗಿ ಮಾಡಿದ್ದು ಯಾವುದಿದೆ? ರ್‍ಯಾಪರ್ ಪಾಪ್ ಸ್ಮೋಕ್‌ಗೆ ಏನಾಯಿತು ನೋಡಿದಿರಲ್ಲ, 2021ರ 'ಫೇಯ್ತ್'ನಲ್ಲಿ ಆ ಹುಡುಗನ ಧ್ವನಿಯನ್ನು ಬೇರೆಯವರ ನಡುವೆ ಹುಡುಕಬೇಕು.

---

ಹಳೇ ಸಿಡಿ:

ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಮುಗಿಸಿಟ್ಟು ಹೋದದ್ದು ಬೇರೆ, ಬಿಟ್ಟುಹೋದದ್ದನ್ನು ಜೋಡಿಸುವುದು ಬೇರೆ. ರ್‍ಯಾಪರ್ ಟೂಪಾಕ್ 1996ರ ಆಗಸ್ಟ್‌ನಲ್ಲಿ 'ಮಕವೆಲಿ' ಆಲ್ಬಂ ಒಂದು ವಾರದಲ್ಲಿ ಮುಗಿಸಿದ, ಸೆಪ್ಟೆಂಬರ್ 13ಕ್ಕೆ ಹೋದ, ನವೆಂಬರ್‌ನಲ್ಲಿ ಅದು ಬಂತು. ಬಿಗ್ಗಿಯ 'ಲೈಫ್ ಆಫ್ಟರ್ ಡೆತ್' ಅವನು ಹೋದ 16 ದಿನಕ್ಕೆ ಬಂತು, ಅದೂ ಮುಗಿದ ಕೆಲಸವೇ. ಇವೆರಡನ್ನೂ ಯಾರೂ ಅಂಟಿಸಿದ್ದು ಅನ್ನಲ್ಲ.

ಜೋಡಿಸಿದ್ದರಲ್ಲಿ ನಿಯತ್ತಿನದು ಬೇಕಾದರೆ ಗ್ಯಾಂಗ್ ಸ್ಟಾರ್‌ನ 'ಒನ್ ಆಫ್ ದ ಬೆಸ್ಟ್ ಯೆಟ್' ಕೇಳಿ. ಆ ಜೋಡಿಯ ರ್‍ಯಾಪರ್ ಗುರು (ಅವನ ಹೆಸರೇ ಅದು) ತೀರಿಕೊಂಡದ್ದು 2010ರಲ್ಲಿ, ಆಲ್ಬಂ ಬಂದದ್ದು 2019ರಲ್ಲಿ. ಜೊತೆಗಾರ ಡಿಜೆ ಪ್ರೀಮಿಯರ್ ಕೈಗೆ ಸಿಕ್ಕಿದ್ದು ಗುರುವಿನ ಬರೀ ಧ್ವನಿ. ಅದಕ್ಕೆ ತಕ್ಕ ಹಾಗೆ ಬೀಟ್ ಕಟ್ಟಿದ. ರ್‍ಯಾಪರ್ ಶಾನ್ ಪ್ರೈಸ್ 2015ರ ಆಗಸ್ಟ್ 8ಕ್ಕೆ ಹೋದ, 'ಇಂಪೀರಿಯಸ್ ರೆಕ್ಸ್' ಎರಡು ವರ್ಷ ಬಿಟ್ಟು ಅದೇ ತಾರೀಕಿಗೆ ಬಂತು. ಅದರಲ್ಲಿ ಅವನೇ ಇದ್ದಾನೆ, ಎಲ್ಲೂ ಹುಡುಕಬೇಕಾಗಿಲ್ಲ.

'ಎಕ್ಸೋಡಸ್' ಟೂಪಾಕ್, ಬಿಗ್ಗಿ ಸಾಲಿಗೆ ಸೇರುತ್ತದೆ, ಪಾಪ್ ಸ್ಮೋಕ್ ಸಾಲಿಗಲ್ಲ. ಆದರೆ 'ಮೈಕ್ ಮುಂದೆ' ಹೇಳಿದ ಮಾತು ಸರಿ. ಮುಗಿದದ್ದು ಅಂದ ಮಾತ್ರಕ್ಕೆ ಬೀಟ್ ಸರಿಯಾಗಿ ಆರಿಸಿದ್ದಾರೆ ಅಂತ ಅಲ್ಲ. ಆ ತಪ್ಪು ಎಕ್ಸ್ ಬದುಕಿದ್ದಾಗಲೇ ಆಗಿದೆ, ಅವನೂ ಅದಕ್ಕೆ ಹೂಂ ಅಂದಿದ್ದಾನೆ. ಹಾಗಾಗಿ ಒಳ್ಳೆಯದೋ ಕೆಟ್ಟದ್ದೋ, ಅದು ಅವನದೇ.

---

ತಡರಾತ್ರಿ ರೇಡಿಯೋ:

ಇದು ನನಗೆ ಸಾಕು. 'ಹುಡ್ ಬ್ಲೂಸ್', 'ಲೆಟರ್ ಟು ಮೈ ಸನ್', 'ಪ್ರೇಯರ್' ಮೂರನ್ನು ಬಿಡಿಸಿ ಒಂದು ಪಟ್ಟಿ ಮಾಡಿಕೊಂಡೆ. 'ಬಾತ್ ಸಾಲ್ಟ್ಸ್' ಸೇರಿಸಬೇಕಾ ಬೇಡವಾ ಅಂತ ಯೋಚನೆ. ಸೇರಿಸುತ್ತೇನೆ, ಪೂಲ್ ಹಾಲ್‌ಗೋಸ್ಕರ.

ಒಂದು ಕೇಳಬೇಕಿತ್ತು. ಮೊದಲನೆಯದು ಮತ್ತು ಕೊನೆಯದು ಬಿಟ್ಟರೆ ನಡುವಿನದು ನಾನು ಸರಿಯಾಗಿ ಕೇಳಿಲ್ಲ. 1998ರ ಡಿಸೆಂಬರ್‌ದು, ಮೈತುಂಬಾ ರಕ್ತ ಬಳಿದುಕೊಂಡ ಫೋಟೋ ಇರುವ ಆಲ್ಬಂ, ಅಲ್ಲಿಂದ ಶುರು ಮಾಡಲಾ?

---

ಮೈಕ್ ಮುಂದೆ:

ಮಾಡಿ. 'ಸ್ಲಿಪಿನ್' ಮೊದಲು. ಅದಾದ ಕೂಡಲೇ 'ಲೆಟರ್ ಟು ಮೈ ಸನ್' ಹಾಕಿ, ಹೆಡ್‌ಫೋನ್‌ನಲ್ಲಿ. ಫೋನ್ ಸ್ಪೀಕರ್‌ನಲ್ಲಿ ಕೇಳಿ ಬಂದು ಏನೂ ಗೊತ್ತಾಗಲಿಲ್ಲ ಅಂದರೆ ನಾನು ಉತ್ತರ ಕೊಡಲ್ಲ.

---

ಹಳೇ ಸಿಡಿ:

ಅದೇ ಆಲ್ಬಂನಲ್ಲಿ 'ದ ಓಮೆನ್' ಇದೆ, ನಿಮ್ಮ 'ಡೇಮಿಯನ್' ಕಥೆಯ ಎರಡನೇ ಭಾಗ. ಮೂರನೆಯದು 2001ರ 'ದ ಗ್ರೇಟ್ ಡಿಪ್ರೆಷನ್'ನಲ್ಲಿ. ಮೂರನ್ನೂ ಸಾಲಾಗಿ ಕೇಳಿ ಬನ್ನಿ, ಆಮೇಲೆ ಬೋನೋ ಬಗ್ಗೆ ಜಗಳ ಮುಂದುವರಿಸೋಣ.